ಹುಳು ಮನೆಯ ನಾಯಿ

ನಮ್ಮ ಬೀದಿಯಲ್ಲಿ ಈಗ ನಾಯಿಗೆ ಹುಟ್ಟುಹಬ್ಬ ಮಾಡುತ್ತಾರೆ. ಕೋಲಾರದ ಈ ಬಡಾವಣೆಗೆ ನಾನು ಬಂದ ಹೊಸದರಲ್ಲಿ ನಾಯಿ ಕಂಡರೆ ಕಲ್ಲು ಹೊಡೆಯುತ್ತಿದ್ದರು, ಈಗ ಕೇಕು ಕತ್ತರಿಸುತ್ತಾರೆ. ಎದುರು ಮನೆಯ ಗಂಡ ಹೆಂಡತಿ ಇಬ್ಬರೂ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು. ಒಬ್ಬರು ಕಂಪನಿ ಬಸ್ಸು ಇಳಿಯುವ ಹೊತ್ತಿಗೆ ಇನ್ನೊಬ್ಬರು ಹತ್ತುತ್ತಾರೆ. ಮಧ್ಯೆ, ಹಿಮ ಬೀಳುವ ದೇಶದಲ್ಲಿ ಇರಬೇಕಾದ ಮೈತುಂಬ ಕೂದಲಿನ ಒಂದು ನಾಯಿ ಅವರ ಸಿಮೆಂಟು ಮಹಡಿಯ ಮೇಲೆ ನಾಲಗೆ ಚಾಚಿಕೊಂಡು ಬಿದ್ದಿರುತ್ತದೆ. ಮೊನ್ನೆ ಅದರ ಹುಟ್ಟುಹಬ್ಬಕ್ಕೆ ನನ್ನನ್ನೂ ಕರೆದಿದ್ದರು. ತಲೆಗೆ ಕಾಗದದ ಟೋಪಿ, ಮೂತಿಗೆಲ್ಲ ಚಾಕಲೇಟು ಕ್ರೀಮು. ಅದು ನೆಕ್ಕಿದ ಚಮಚವನ್ನೇ ಆ ಹೆಂಡತಿ, ಇನ್ನೂ ಹುಡುಗಿ, ತನ್ನ ಬಾಯಿಗೂ ಇಟ್ಟುಕೊಂಡಳು. ಚಾಕಲೇಟು ನಾಯಿಗೆ ವಿಷ ಕಣಮ್ಮ ಅಂದೆ, ನಕ್ಕಳು. ನನ್ನ ಕೈ ಸುಮ್ಮನಿರುವ ಕೈಯಲ್ಲ, ನಾಯಿಯ ಕಿವಿ ಮಡಿಚಿ ನೋಡಿದೆ. ಒಳಗೆ ಬೂದು ಬಣ್ಣದ ಉಣ್ಣೆಗಳು ಒತ್ತೊತ್ತಾಗಿ ಕಚ್ಚಿಕೊಂಡಿದ್ದವು, ರಕ್ತ ಕುಡಿದು ಹರಳು ಬೀಜದಷ್ಟು ದಪ್ಪವಾಗಿ.

“ಛೀ ಆಂಟಿ! ಕೇಕ್ ತಿನ್ನೋ ಹೊತ್ತಲ್ಲಿ ಅದನ್ನೆಲ್ಲ ಯಾಕೆ ತೋರಿಸ್ತೀರಾ?”

“ಅದು ನಿಮ್ಮ ಮಂಚದ ಮೇಲೇ ತಾನೆ ಮಲಗೋದು? ಇವತ್ತು ತೋರಿಸದಿದ್ರೆ ನಾಳೆ ನಿಮ್ಮ ಕಿವಿಯಲ್ಲೇ ಕಾಣಿಸ್ತದೆ.”

ಅವತ್ತಿನಿಂದ ಆ ಹುಡುಗಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಹೊಲಸಿಗಿಂತ ಹೊಲಸು ತೋರಿಸಿದವರ ಮೇಲೆ ಜನಕ್ಕೆ ಹೇಸಿಗೆ ಹೆಚ್ಚು. ಇದು ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದ ಮನೆಯೇ ಹಾಗಿತ್ತು.

ಮುಳಬಾಗಿಲಿನಿಂದ ಆಂಧ್ರದ ಕಡೆಗೆ ಹೋಗುವ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ನಮ್ಮೂರು. ಮನೆಯೇನೋ ಉದ್ದಕ್ಕೆ ಇತ್ತು, ಆದರೆ ಮನುಷ್ಯರಿಗೆ ಸಿಕ್ಕಿದ್ದು ಅದರ ಬಾಲ ಮಾತ್ರ. ನಡುಮನೆಯೆಲ್ಲ ರೇಷ್ಮೆ ಹುಳುಗಳದ್ದು, ಅದನ್ನು ಹುಳು ಮನೆ ಎಂದೇ ಕರೆಯುತ್ತಿದ್ದೆವು. ನೆಲದಿಂದ ಸೂರಿನವರೆಗೆ ಬಿದಿರಿನ ತಟ್ಟೆಗಳು, ತಟ್ಟೆ ತುಂಬ ಹಿಪ್ಪುನೇರಳೆ ಸೊಪ್ಪು ಮೇಯುವ ಹುಳುಗಳು. ಅಪ್ಪ, ಅಮ್ಮ, ಅಜ್ಜಿ, ನಾನು ಅಡಿಗೆ ಮನೆಯಲ್ಲಿ, ಜಗಲಿಯಲ್ಲಿ ಹೇಗೋ ಮುದುರಿಕೊಳ್ಳುತ್ತಿದ್ದೆವು. ಹುಳುವಿಗೆ ಹೊಗೆ ಆಗದು, ಘಾಟು ಆಗದು. ಬೆಳೆ ಮನೆಯಲ್ಲಿರುವಷ್ಟು ದಿನ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವಂತಿರಲಿಲ್ಲ, ಅಪ್ಪ ಬೀಡಿ ಸೇದಲು ಕೆರೆ ಏರಿಯವರೆಗೆ ನಡೆದು ಹೋಗುತ್ತಿದ್ದ. ಸೊಳ್ಳೆ ಬತ್ತಿ, ತಿಗಣೆ ಪುಡಿಗಳ ಹೆಸರನ್ನೂ ಎತ್ತುವಂತಿರಲಿಲ್ಲ. ಕೀಟ ಸಾಯಿಸುವ ಮದ್ದು ಯಾವುದಾದರೂ ರೇಷ್ಮೆ ಹುಳುವನ್ನೂ ಸಾಯಿಸುತ್ತದೆ, ಅದೂ ಕೀಟವೇ ತಾನೆ. ಹಾಗಾಗಿ ಅದರ ಹೆಸರು ಹೇಳಿಕೊಂಡು ಸೊಳ್ಳೆ, ತಿಗಣೆ, ಚಿಗಟ, ಉಣ್ಣೆ ಎಲ್ಲವೂ ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ಸಂಸಾರ ಹೂಡಿದ್ದವು.

ಇಷ್ಟು ಸಾಲದೆಂದು ಮೈಲಿಗೆ ಬೇರೆ. ಮುಟ್ಟಾದ ಹೆಂಗಸಿನ ನೆರಳು ಬಿದ್ದರೂ ಹುಳು ಕೊಳೆತು ಹೋಗುತ್ತದೆ ಎಂದು ಅಜ್ಜಿ ನಂಬಿದ್ದಳು, ಅಪ್ಪ ಅಜ್ಜಿಗಿಂತ ಹೆಚ್ಚಾಗಿ ನಂಬಿದ್ದ. ಅಮ್ಮ ತಿಂಗಳಿಗೊಮ್ಮೆ ಹೊರಗಾದಾಗ ಅವಳನ್ನು ತಿಪ್ಪೆಯಾಚೆಯ ಹಳೇ ಕೊಟ್ಟಿಗೆಗೆ ಕಳಿಸುತ್ತಿದ್ದರು. ಹುಳು ಮನೆಗೂ ಸೊಪ್ಪಿನ ತೋಟಕ್ಕೂ ಸಾಧ್ಯವಾದಷ್ಟು ದೂರ ಇರಲೆಂದು ಹುಡುಕಿ ಆರಿಸಿದ ಜಾಗ ಅದು. ಅವಳ ಊಟದ ತಟ್ಟೆಗೆ ದೂರದಿಂದ ಮುದ್ದೆ ಹಾಕಬೇಕು, ನೀರು ಎತ್ತಿ ಹೊಯ್ಯಬೇಕು. ಆ ಕೆಲಸ ನನ್ನದಾಗಿತ್ತು. ಅಮ್ಮ ಅಲ್ಲಿ ಗೋಣಿಚೀಲದ ಮೇಲೆ ಕಾಲು ಚಾಚಿಕೊಂಡು ಕೂತಿರುವುದನ್ನು ನೋಡಿದರೆ ಶಿಕ್ಷೆ ಅನುಭವಿಸುವವಳಂತೆ ಕಾಣುತ್ತಿರಲಿಲ್ಲ, ರಜೆಯ ಮೇಲೆ ಬಂದವಳ ಹಾಗೆ ಕಾಣುತ್ತಿದ್ದಳು. ಆದರೂ ಒಬ್ಬ ಹೆಂಗಸನ್ನು ತಿಪ್ಪೆಯ ಪಕ್ಕ ಕೂರಿಸುವ ಮನೆ, ಬೆಕ್ಕಿನ ವಾಂತಿಯ ಪಕ್ಕ ಕೂತು ಉಣ್ಣುತ್ತಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬೆಕ್ಕಿನ ಮಾತು ಬಂತಲ್ಲ, ಹೇಳಿಯೇ ಬಿಡುತ್ತೇನೆ. ಇಲಿಗಳು ಹುಳು ತಿನ್ನುತ್ತವೆ, ಆದ್ದರಿಂದ ಬೆಕ್ಕು ಬೇಕೇ ಬೇಕು, ಅದಕ್ಕೆ ಎಲ್ಲ ಮಡಿಯೂ ಮಾಫಿ. ತಿಪ್ಪೆ ಕೆದಕಿದ ಕಾಲಿನಲ್ಲೇ ಅದು ಹುಳು ಮನೆಯೊಳಗೆ ಓಡಾಡಿ ಬಂದು ನನ್ನ ಕಂಬಳಿಯ ಮೇಲೆ ಮಲಗುತ್ತಿತ್ತು. ಅದರ ಬಾಲದ ಬುಡದಲ್ಲಿ ಎಳ್ಳಿನಂಥ ಕಾಳುಗಳು ಅಂಟಿಕೊಂಡಿರುತ್ತಿದ್ದವು, ಕಂಬಳಿಯ ಮೇಲೂ ಉದುರಿರುತ್ತಿದ್ದವು. ಎಳ್ಳೇ ಇರಬೇಕೆಂದು ಬಹಳ ಕಾಲ ನಂಬಿದ್ದೆ. ಒಂದು ದಿನ ಅದರಲ್ಲೊಂದು ಕಾಳು ನನ್ನ ಕಣ್ಣೆದುರೇ ಮೈ ಚಾಚಿ, ಮಡಿಚಿ, ಮುಂದಕ್ಕೆ ತೆವಳಿತು. ಬೆಕ್ಕಿನ ಹೊಟ್ಟೆಯ ಲಾಡಿಹುಳುವಿನ ತುಂಡು ಅದು. ಆ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು ಎಷ್ಟು ಚಳಿಗಾಲ ಕಳೆದಿದ್ದೆನೋ! ಆಮೇಲೆ ಕಂಬಳಿ ಮುಟ್ಟಲಿಲ್ಲ, ನಡುಗಿಕೊಂಡೇ ಮಲಗಿದೆ. ಬೆಕ್ಕು ಆಗಾಗ ಒಲೆಯ ಪಕ್ಕ ವಾಂತಿ ಮಾಡಿದರೆ ಅದರಲ್ಲಿ ಬಿಳಿ ದಾರದಂಥ ಜಂತುಹುಳುಗಳು ಸುರುಳಿ ಸುತ್ತಿಕೊಂಡು ಹೊರಳಾಡುತ್ತಿದ್ದವು. ಅಜ್ಜಿ ಒಂದು ಹಿಡಿ ಬೂದಿ ಸುರಿದು, ಚಿಪ್ಪಿನಲ್ಲಿ ಬಾಚಿ ಆಚೆಗೆಸೆದು, ಕೈಯನ್ನು ಸೆರಗಿಗೆ ಒರೆಸಿಕೊಂಡು ಮುದ್ದೆ ಕಟ್ಟಲು ಕೂರುತ್ತಿದ್ದಳು.

“ಅಜ್ಜೀ, ಕೈ ತೊಳ್ಕೋ!”

“ಬೂದಿ ಹಾಕಿದ್ಮೇಲೆ ಇನ್ನೇನೇ ಹೊಲಸು? ಹೊಟ್ಟೇಲಿದ್ದಿದ್ದು ಆಚೆ ಬಂತು, ಒಳ್ಳೇದೇ ಆಯ್ತು. ಬಾಯ್ಮುಚ್ಕೊಂಡು ತಿನ್ನು.”

ಹಸಿವು ಹೇಸಿಗೆಗಿಂತ ದೊಡ್ಡದು. ತಿನ್ನುತ್ತಿದ್ದೆ. ಆದರೆ ಮುದ್ದೆಯಲ್ಲಿ ಅಜ್ಜಿಯ ಬೆರಳ ಗುರುತು ಇದ್ದ ಕಡೆಯನ್ನು ಬಿಟ್ಟು ತಿನ್ನುತ್ತಿದ್ದೆ.

ನಾಯಿಯ ಹೆಸರು ಕೆಂಚ. ಕೆಂಪು ಮೈ, ಬಿಳಿ ಎದೆ. ಹುಳು ಮನೆಯ ಬಾಗಿಲಲ್ಲಿ ಕಾವಲಿರುವುದು ಅದರ ಕೆಲಸ, ಒಳಗೆ ಮೂತಿ ಹಾಕುವಂತಿಲ್ಲ. ಅದು ಮರಿಯಾಗಿದ್ದಾಗ ಬಾಲದ ತುದಿಯನ್ನು ಮಚ್ಚಿನಲ್ಲಿ ಕತ್ತರಿಸಿ ಬೂದಿ ಒತ್ತಿದ್ದರು, ಬಾಲ ಕತ್ತರಿಸಿದ ನಾಯಿ ಹುಲಿಯಾಗುತ್ತದೆ ಎಂದು. ಹುಲಿಯಾಗಲಿಲ್ಲ, ತುಂಡು ಬಾಲವನ್ನೇ ಅಲ್ಲಾಡಿಸಿಕೊಂಡು ಬಂದವರ ಕಾಲೆಲ್ಲ ನೆಕ್ಕುತ್ತಿತ್ತು. ಕಜ್ಜಿಯಾದರೆ ಪಂಪ್‌ಸೆಟ್ಟಿನ ಸುಟ್ಟ ಆಯಿಲ್ಲನ್ನು ಮೈಗೆ ಬಳಿಯುತ್ತಿದ್ದರು, ಅದು ಆಯಿಲ್ಲನ್ನು ನೆಕ್ಕಿ ನೆಕ್ಕಿ ಕಪ್ಪಗೆ ವಾಂತಿ ಮಾಡುತ್ತಿತ್ತು. ಗಾಯದಲ್ಲಿ ಹುಳ ಬಿದ್ದರೆ ಬೇವಿನ ಸೊಪ್ಪು ತುರುಕಿ ದೇವರ ಮೇಲೆ ಭಾರ ಹಾಕುತ್ತಿದ್ದರು. ಊಟಕ್ಕೆ ಹಿಂದಿನ ದಿನ ಪಾತ್ರೆಯ ತಳ ಹಿಡಿದ ಮುದ್ದೆಯ ಸೀಕು, ಅದರ ಮೇಲೆ ಖಾರದ ಸಾರು, ಕೋಳಿ ಕುಯ್ದ ದಿನ ಚೂಪಾದ ಮೂಳೆ. ಅಜ್ಜಿಯನ್ನು ಕೇಳಿದರೆ ಒಂದೇ ಉತ್ತರ: “ನಾಯಿ ನಾಲಿಗೇನೇ ನಾಯಿಗೆ ಡಾಕ್ಟ್ರು. ನೆಕ್ಕೊಂಡು ಸರಿ ಮಾಡ್ಕೊಳ್ತದೆ ಬಿಡೇ.”

ಉಣ್ಣೆಯನ್ನು ಮಾತ್ರ ನಾಲಗೆಯಲ್ಲಿ ನೆಕ್ಕಿ ತೆಗೆಯಲಾಗುವುದಿಲ್ಲ. ಒಂದು ಸಲದ ಹುಳು ಬೆಳೆಯಲ್ಲಿ, ಮಳೆ ಬಿಟ್ಟು ಬಿಸಿಲು ಬಿದ್ದಾಗ, ಕೆಂಚನ ಮೈಮೇಲೆ ಉಣ್ಣೆ ಹತ್ತಿದವು. ಮೊದಲು ಕಿವಿಯಲ್ಲಿ, ಆಮೇಲೆ ಕುತ್ತಿಗೆ, ಕಂಕುಳು, ಕಾಲ್ಬೆರಳ ಸಂದಿ. ಬೆರಳಾಡಿಸಿದರೆ ಜೋಳದ ತೆನೆ ಮುಟ್ಟಿದ ಹಾಗಾಗುತ್ತಿತ್ತು. ಹೊಟ್ಟೆ ತುಂಬಿದವು ಉದುರಿ, ಮಣ್ಣಿನ ಗೋಡೆ ಹತ್ತಿ, ಬಿರುಕಿನಲ್ಲಿ ಮೊಟ್ಟೆ ಇಟ್ಟು, ಅದರಿಂದ ಬಂದ ಮರಿಗಳು ಮತ್ತೆ ಕೆಂಚನನ್ನೇ ಹುಡುಕಿಕೊಂಡು ಬರುತ್ತಿದ್ದವು. ಮಧ್ಯಾಹ್ನ ಅಜ್ಜಿ ಜಗಲಿಯಲ್ಲಿ ಕಾಲು ನೀಡಿ ಕೂತು, ಪಕ್ಕದ ಮನೆಯವರ ಸೊಸೆಯ ವಿಚಾರ ಮಾತಾಡುತ್ತ ಕೆಂಚನ ಮೈಯಿಂದ ಒಂದೊಂದೇ ಉಣ್ಣೆ ಕಿತ್ತು ಕಲ್ಲಿನ ಮೇಲಿಟ್ಟು ಹೆಬ್ಬೆರಳ ಉಗುರಿನಲ್ಲಿ ಒತ್ತುತ್ತಿದ್ದಳು. ಪಟ್ ಎಂದು ಒಡೆದು ಕಪ್ಪು ರಕ್ತ ಅವಳ ಕೆನ್ನೆಗೂ ಸಿಡಿಯುತ್ತಿತ್ತು. ಬೆರಳನ್ನು ಕಂಬಕ್ಕೆ ಒರೆಸುತ್ತಿದ್ದಳು. ಆ ಕಂಬಕ್ಕೆ ಒರಗಿಕೊಂಡೇ ನಾನು ಶಾಲೆಯ ಪಾಠ ಓದಬೇಕಿತ್ತು. ಒಂದು ದಿನ ಅಜ್ಜಿಯ ತಲೆ ಬಾಚುವಾಗ ಅವಳ ಕಿವಿಯ ಹಿಂದೆ ನರಹುಲಿಯಂಥದ್ದೊಂದು ಕಂಡಿತು. ಮುಟ್ಟಿದೆ. ಅದಕ್ಕೆ ಕಾಲುಗಳಿದ್ದವು, ಅಲ್ಲಾಡುತ್ತಿದ್ದವು. ನಾನು ಕಿರುಚಿಕೊಂಡು ಬಾಚಣಿಗೆ ಎಸೆದೆ, ಅಜ್ಜಿ ಅದನ್ನು ತಾನೇ ಕಿತ್ತು, ಎಂದಿನಂತೆ ಕಲ್ಲಿನ ಮೇಲಿಟ್ಟಳು.

ಕೆಂಚ ದಿನದಿಂದ ದಿನಕ್ಕೆ ಇಳಿಯಿತು. ಏಳುವಾಗ ಹಿಂಗಾಲು ತೂರಾಡುತ್ತಿತ್ತು. ಮುದ್ದೆ ಮೂಸಿ ಬಿಡುತ್ತಿತ್ತು. ಮೂಗಿನಿಂದ ಸಣ್ಣಗೆ ರಕ್ತ ಬರತೊಡಗಿತು. ಅಮ್ಮ ಅದರ ತುಟಿ ಎತ್ತಿ ನೋಡಿದಳು, ಒಸಡು ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಅಮ್ಮ ಹೆಚ್ಚು ಮಾತಿನವಳಲ್ಲ. ಅವತ್ತು ಅಪ್ಪ ಉಣ್ಣಲು ಕೂತಾಗ ಬಾಯಿ ಬಿಟ್ಟಳು.

“ನಾಯಿ ಮೈಯಲ್ಲಿ ರಕ್ತಾನೇ ಇಲ್ಲ. ಉಣ್ಣೆ ಔಷಧಿ ಹಾಕದಿದ್ರೆ ಉಳಿಯಲ್ಲ.”

“ಹುಳು ಮನೆ ಬಾಗ್ಲಲ್ಲಿ ಔಷಧಿನಾ? ತಲೆ ಕೆಟ್ಟಿದ್ಯಾ ನಿಂಗೆ? ಗೂಡು ಇಳೀಲಿ, ಆಮೇಲೆ ನೋಡಾಣ.”

“ಗೂಡು ಇಳಿಯೋಗಂಟ ಅದು ಇರಲ್ಲ.”

“ಇರದಿದ್ರೆ ಇನ್ನೊಂದು ಮರಿ ತಂದ್ರಾಯ್ತು. ಊರಲ್ಲಿ ನಾಯಿಗೇನು ಬರಾನಾ?”

ಹುಳು ಕಟ್ಟಿದ ಗೂಡುಗಳನ್ನು ಬಿಡಿಸಿ ಮಾರುಕಟ್ಟೆಗೆ ಸಾಗಿಸುವುದಕ್ಕೆ ಗೂಡು ಇಳಿಸುವುದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹಲ್ಲುನೋವು, ಸೋರುವ ಸೂರು, ಹರಿದ ಲಂಗ, ಎಲ್ಲದಕ್ಕೂ ಗೂಡು ಇಳಿಯಬೇಕಿತ್ತು. ಆದರೆ ಹುಳುಗಳು ಆಗಿನ್ನೂ ಎಳೆಯವು. ಅದಾದ ಸ್ವಲ್ಪ ದಿನಕ್ಕೆ ಅಪ್ಪನಿಗೆ ತಟ್ಟೆಯ ಅಂಚಿನ ಮೇಲೆ ಒಂದು ಉಣ್ಣೆ ಕಾಣಿಸಿತು. ಉಣ್ಣೆ ಹುಳುವನ್ನು ಏನೂ ಮಾಡುವುದಿಲ್ಲ, ಅದಕ್ಕೆ ಬಿಸಿ ರಕ್ತ ಬೇಕು. ಆದರೆ ಅಪ್ಪನಿಗೆ ಅದು ಮನೆಗೇ ಬಂದ ಮಾರಿಯಂತೆ ಕಂಡಿತು. ಅಷ್ಟು ದಿನ ಅಜ್ಜಿಯ ಕಿವಿಯಲ್ಲಿದ್ದದ್ದು, ನನ್ನ ಹಾಸಿಗೆಯಲ್ಲಿದ್ದದ್ದು ಕಾಣದ ಕಣ್ಣಿಗೆ ತಟ್ಟೆಯ ಅಂಚಿನದು ಮಾತ್ರ ಕಂಡಿತಲ್ಲ! ಕೆಂಚನ ಪಕ್ಕೆಗೆ ಕಾಲಿನಿಂದ ಒದ್ದ. ಅದಕ್ಕೆ ಕುಂಯ್ ಎನ್ನುವ ಶಕ್ತಿಯೂ ಇರಲಿಲ್ಲ.

“ಈ ನಾಯಿಯಿಂದ ಹುಳುಗೆ ಏನಾದ್ರೂ ಆಯ್ತೋ, ಟೊಮೇಟೊ ಲಾರಿಗೆ ಹಾಕಿ ಮದನಪಲ್ಲಿಗೆ ಕಳಿಸ್ಬಿಡ್ತೀನಿ. ಎಲ್ಲಾದ್ರೂ ಸಾಯ್ಲಿ.”

ಇದು ಬರಿಯ ಬೆದರಿಕೆಯಲ್ಲ. ನಮ್ಮ ಕಡೆ ಬೇಡವಾದ ನಾಯಿಯನ್ನು ಯಾರೂ ಕೈಯಾರೆ ಕೊಲ್ಲುತ್ತಿರಲಿಲ್ಲ, ಪಾಪ ಬರುತ್ತದೆ. ಆಂಧ್ರಕ್ಕೆ ಹೋಗುವ ಲಾರಿಯಲ್ಲಿ ಟೊಮೇಟೊ ಡಬ್ಬಿಗಳ ಮಧ್ಯೆ ಕಟ್ಟಿ ಕಳಿಸುತ್ತಿದ್ದರು. ಗಡಿಯಾಚೆ ಸತ್ತರೆ ಪಾಪ ಆಂಧ್ರದವರಿಗೆ ಎಂದು ಲೆಕ್ಕವಿರಬೇಕು. ಥೂ, ಎಂಥ ಪುಣ್ಯವಂತರು ನಾವು! ಕೆಂಚನ ಆ ಸ್ಥಿತಿಯಲ್ಲಿ ಲಾರಿ ಗಡಿ ದಾಟುವವರೆಗೂ ಅದು ಬದುಕುತ್ತಿರಲಿಲ್ಲ.

ಮರುದಿನ ಹುಳುವಿನ ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿ ತರಲು ಅಪ್ಪ ಅಮ್ಮನನ್ನು ಮುಳಬಾಗಿಲಿಗೆ ಕಳಿಸಿದ, ಜೊತೆಗೆ ನಾನು. ಪುಡಿ ಕೊಂಡ ಮೇಲೆ ಅಮ್ಮ ಬಸ್ ಸ್ಟ್ಯಾಂಡಿನ ಕಡೆ ತಿರುಗಲಿಲ್ಲ, ದನದ ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರು ಎಮ್ಮೆಯೊಂದಕ್ಕೆ ಸೂಜಿ ಚುಚ್ಚಿ ಕೈ ತೊಳೆಯುತ್ತಿದ್ದರು. ಸೋಪು ಹಾಕಿ, ಉಗುರಿನ ಸಂದಿಯನ್ನೂ ಉಜ್ಜಿ ತೊಳೆದುಕೊಂಡರು. ನನಗೆ ಆ ಕೈ ನೋಡಿಯೇ ಅವರ ಮೇಲೆ ನಂಬಿಕೆ ಬಂತು. ಅಮ್ಮ ಎಲ್ಲ ಹೇಳಿದಳು.

“ನಾಯೀನ ಕರ್ಕೊಂಡು ಬರಕ್ಕಾಗಲ್ವೇನಮ್ಮ?”

“ಬಸ್ಸಲ್ಲಿ ಹತ್ತಿಸಲ್ಲ ಸಾರ್. ನಡೆಯಕ್ಕೆ ಅದಕ್ಕೆ ಶಕ್ತಿ ಇಲ್ಲ. ಮನೇಲಿ ರೇಷ್ಮೆ ಹುಳು ಬೇರೆ ಐತೆ.”

ಅವರು ಯೋಚಿಸಿ, ಒಂದು ಪುಡಿಯನ್ನೂ ಜ್ವರದ ಮಾತ್ರೆಗಳನ್ನೂ ಕೊಟ್ಟು, ನಿಧಾನವಾಗಿ ಹೇಳಿದರು. ಪುಡಿಯನ್ನು ಹುಳು ಮನೆಯ ಹತ್ತಿರಕ್ಕೂ ಸೊಪ್ಪಿನ ಹತ್ತಿರಕ್ಕೂ ಒಯ್ಯಬಾರದು, ಹಚ್ಚಿದ ಕೈಯಲ್ಲಿ ಏನನ್ನೂ ಮುಟ್ಟಬಾರದು. ನಾಯಿ ಮೈ ನೆಕ್ಕದಂತೆ ಕಾಯುತ್ತಿರಬೇಕು. ಉದುರಿದ್ದನ್ನೆಲ್ಲ ಗುಡಿಸಿ ಸುಡಬೇಕು, ಗೋಡೆಯ ಬಿರುಕು ಮೆತ್ತಬೇಕು, ಇಲ್ಲದಿದ್ದರೆ ಮರಿಗಳು ಮತ್ತೆ ಹತ್ತುತ್ತವೆ. ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು.

“ಬೆಕ್ಕಿದ್ಯಾ ಮನೇಲಿ? ಅದನ್ನ ನಾಯಿ ಹತ್ರ ಬಿಡ್ಲೇಬೇಡಿ. ನಾಯಿ ತಡ್ಕೊಳ್ಳೋ ಔಷಧಿ ಬೆಕ್ಕು ತಡ್ಕೊಳ್ಳಲ್ಲ. ಮೈ ನೆಕ್ಕೊಂಡು ಸತ್ತೇ ಹೋಗ್ತದೆ.”

ಬಸ್ಸಿನಲ್ಲಿ ಅಮ್ಮ ಬೆರಳು ಮಡಿಚಿ ದಿನ ಎಣಿಸುತ್ತಿದ್ದಳು. ವಾರವೆಲ್ಲ ನಾಯಿಯೊಂದಿಗೆ ಇರಬೇಕು, ಅಷ್ಟು ದಿನ ಹುಳುವನ್ನು ಮುಟ್ಟಬಾರದು, ಅದೂ ಸೊಪ್ಪು ಕೊಯ್ಯುವ, ತಟ್ಟೆ ಶುಚಿ ಮಾಡುವ ಕೆಲಸವೆಲ್ಲ ಅವಳ ತಲೆಯ ಮೇಲೇ ಇರುವಾಗ. ಮನೆಯಲ್ಲಿ ಯಾರು ಬಿಡುತ್ತಾರೆ? ಊರು ಸೇರಿದ ಮೇಲೆ ಅವಳು ನೇರ ಮನೆಗೆ ಹೋಗಲಿಲ್ಲ. ತಿಪ್ಪೆಯಾಚೆಯ ಕೊಟ್ಟಿಗೆಯೊಳಗೆ ಪುಡಿಯ ಪೊಟ್ಟಣವನ್ನು ಗೋಡೆಯ ಗೂಡಿನಲ್ಲಿಟ್ಟು, ಕೈ ತೊಳೆದು, ಸುಣ್ಣದ ಪುಡಿಯನ್ನು ನನ್ನ ಕೈಗೆ ಕೊಟ್ಟು ಕಳಿಸಿದಳು.

“ಹೋಗಿ ನಿಮ್ಮಜ್ಜಿಗೆ ಹೇಳು, ಅಮ್ಮ ದಾರೀಲೇ ಹೊರಗಾದ್ಳು ಅಂತ. ಕೆಂಚನ್ನ ಇಲ್ಲಿಗೆ ಕರ್ಕೊಂಡ್ಬಾ. ಒಬ್ಳೇ ಮಲಗಕ್ಕೆ ಭಯ ಅಂತೆ ಅನ್ನು.”

“ನಿಜವಾಗ್ಲೂ ಆಗಿದ್ಯಾ?”

ಅಮ್ಮ ನನ್ನನ್ನೇ ನೋಡಿದಳು. ಆಗ ನನಗೆ ಅರ್ಥವಾಯಿತು, ಆಗಿರಲಿಲ್ಲ.

ಹುಳುವಿನ ಮಡಿಗೆಂದು ಅಪ್ಪ, ಅಜ್ಜಿ ಕಟ್ಟಿದ ಬೇಲಿಯೊಳಗೇ ಅಮ್ಮ ಹೋಗಿ ಕೂತಿದ್ದಳು. ಮುಟ್ಟಾದವಳ ಹತ್ತಿರ ಯಾರೂ ಸುಳಿಯುವಂತಿಲ್ಲ, ಅವಳನ್ನು ಕೆಲಸಕ್ಕೆ ಕರೆಯುವಂತಿಲ್ಲ, ಗಂಡಸು ಏಕೆ ಎಂದು ಕೇಳುವಂತೆಯೇ ಇಲ್ಲ. ಅಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕೆಂಚನ ಮೈಗೆಲ್ಲ ಪುಡಿ ಉಜ್ಜಿದಳು, ಕಣ್ಣು ಬಾಯಿ ಬಿಟ್ಟು. ಅದು ನೆಕ್ಕಲು ತಿರುಗಿದಾಗಲೆಲ್ಲ ಮೂತಿಯನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡಳು. ನಾನು ದೂರದಿಂದ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಉಣ್ಣೆಗಳು ಅದರ ಮೈಯಿಂದ ಬಿಡಿಸಿಕೊಂಡು ಗೋಣಿಚೀಲದ ಮೇಲೆ ಉದುರತೊಡಗಿದವು. ಕೆಲವು ಕಾಲು ಮೇಲೆ ಮಾಡಿ ಒದ್ದಾಡುತ್ತಿದ್ದವು, ಕೆಲವು ಅಮ್ಮನ ಸೀರೆ ಹತ್ತುತ್ತಿದ್ದವು. ನಾನು ಬೇಲಿಯ ಪಕ್ಕ ಬಗ್ಗಿ ವಾಂತಿ ಮಾಡಿಕೊಂಡೆ. ಅಮ್ಮ ಹಂಚಿನ ಮೇಲೆ ಅವನ್ನೆಲ್ಲ ಗುಡಿಸಿ ಬೆಂಕಿಗೆ ಹಾಕಿದಳು, ಚಟಚಟ ಸಿಡಿದವು. ಆ ವಾಸನೆಯನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಆಮೇಲೆ ಅವಳು ಸಗಣಿ ಮಣ್ಣು ಕಲಸಿ ಕೊಟ್ಟಿಗೆಯ ಬಿರುಕುಗಳನ್ನೆಲ್ಲ ಮೆತ್ತಿದಳು.

ಮೂರನೆಯ ದಿನ ಕಳೆದರೂ ಅವಳು ತಲೆಗೆ ನೀರು ಹಾಕಿಕೊಂಡು ಒಳಗೆ ಬರಲಿಲ್ಲ. ಇನ್ನೂ ನಿಂತಿಲ್ಲ ಎಂದು ನನ್ನಿಂದ ಹೇಳಿ ಕಳಿಸಿದಳು. ಅಜ್ಜಿ ತಿಪ್ಪೆಯ ಈಚೆಗೇ ನಿಂತು ಬಾಯಿ ಮಾಡಿದಳು.

“ಇದೇನೇ ರತ್ನಾ, ಹುಳು ಮನೇಲಿ ಕೆಲಸ ಇರೋವಾಗ್ಲೇ ನಿಂಗೆ ಹಿಂಗಾಗೋದು? ನನ್ನ ಸೊಂಟ ಮುರಿದೋಯ್ತು ತಟ್ಟೆ ಎತ್ತಿ. ಛೀ ಪಾಡು, ಆ ನಾಯೀನ ಬೇರೆ ಪಕ್ಕದಲ್ಲೇ ಮಲಗಿಸ್ಕೊಂಡವ್ಳೆ!”

“ಏನ್ಮಾಡ್ಲಿ ಅತ್ತೆ, ನನ್ನ ಕೈಲೈತಾ? ಬೇಕಾದ್ರೆ ಒಳಗೆ ಬಂದ್ಬಿಡ್ತೀನಿ, ನೀವೇ ಹೇಳಿ.”

“ಅಯ್ಯಯ್ಯೋ ಬೇಡ, ಬೇಡ! ಅಲ್ಲೇ ಬಿದ್ದಿರು!”

ಕೆಂಚನ ಮೈ ಮುಟ್ಟಿದ ಕೈಯಲ್ಲೇ ಮುದ್ದೆ ಕಟ್ಟುತ್ತಿದ್ದ ಅಜ್ಜಿ, ಅಮ್ಮನಿಗೆ ಹೇಸಿ ಮೂಗಿಗೆ ಸೆರಗು ಹಿಡಿದುಕೊಂಡು ಹೊರಟು ಹೋದಳು. ಆ ಬೆನ್ನನ್ನು ನೋಡುತ್ತ ನನಗೆ ಅಜ್ಜಿಯ ಮೇಲೆ ಹುಟ್ಟಿದ ಅಸಹ್ಯ ಅವಳು ಸತ್ತ ಮೇಲೂ ಪೂರ್ತಿ ಹೋಗಲಿಲ್ಲ. ಮಡಿ ಎಂಬ ಮಾತು ಎಲ್ಲಿ ಕೇಳಿದರೂ ನನ್ನ ಕಣ್ಣು ತಾನಾಗಿ ಹೇಳಿದವರ ಉಗುರು ನೋಡುತ್ತದೆ. ಹೀಗೆ ಯಾರದ್ದಾದರೂ ಕಿವಿ ಮಡಿಚಿ, ತುಟಿ ಎತ್ತಿ, ಬಾಲದ ಬುಡ ನೋಡದೆ ನಂಬದವಳಾಗಿ ನಾನು ತಯಾರಾದದ್ದು ಆ ವಾರದಲ್ಲೇ.

ನಾನು ಕದ್ದು ಒಯ್ದ ಬೇಯಿಸಿದ ಕೋಳಿ ಮೊಟ್ಟೆಯೊಳಗೆ ಮಾತ್ರೆ ಅಡಗಿಸಿ ಅಮ್ಮ ಕೆಂಚನಿಗೆ ತಿನ್ನಿಸುತ್ತಿದ್ದಳು. ಬೆಕ್ಕನ್ನು ಆ ಕಡೆ ಬಿಡದಂತೆ ಹುಳು ಮನೆಯೊಳಗೇ ಕೂಡಿ ಹಾಕುವುದು ನನ್ನ ಪಾಲಿಗೆ ಬಂತು, ಅಪ್ಪನಿಗೆ ಅದರಿಂದ ಖುಷಿಯೇ ಆಯಿತು. ಕೆಂಚನ ಮೂಗಿನ ರಕ್ತ ನಿಂತಿತು. ಒಂದು ಬೆಳಿಗ್ಗೆ ನಾನು ಹೋದಾಗ ಅದು ಎದ್ದು ನಿಂತು ತುಂಡು ಬಾಲ ಆಡಿಸಿತು. ಅಮ್ಮ ಎರಡನೆಯ ಸಲ ಪುಡಿ ಹಚ್ಚಿ, ಉಳಿದದ್ದನ್ನು ಹೂತು, ಕೆರೆಯಲ್ಲಿ ಮೈ ಉಜ್ಜಿ ಉಜ್ಜಿ ಮಿಂದು, ಉಟ್ಟ ಸೀರೆಯನ್ನು ಅಲ್ಲೇ ಒಗೆದು ಬೇಲಿಗೆ ಹಾಕಿ, ಬೇರೆ ಸೀರೆ ಉಟ್ಟು ಮನೆಗೆ ಬಂದಳು. ಕೆಂಚನನ್ನು ಕೊಟ್ಟಿಗೆಯಲ್ಲೇ ಕಟ್ಟಿದಳು. ಮೈಲಿಗೆಯಾದ ನಾಯಿ, ಗೂಡು ಇಳಿಯುವವರೆಗೆ ಅಲ್ಲೇ ಇರಲಿ ಎಂದು ಅವಳು ಹೇಳಿದ್ದಕ್ಕೆ ಅಜ್ಜಿಯೂ ತಲೆಯಾಡಿಸಿದಳು.

ಹುಳುಗಳು ಮೇಯುವುದು ಬಿಟ್ಟು ಹಣ್ಣಾಗುವ ಹೊತ್ತು ಬಂತು. ಹಣ್ಣಾದ ಹುಳುವನ್ನು ಕೈಯಲ್ಲಿ ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮನೆಮಂದಿಯೆಲ್ಲ ಊಟ ನಿದ್ದೆ ಬಿಟ್ಟು ಮಾಡುವ ಕೆಲಸ. ಅದೇ ಬೆಳಿಗ್ಗೆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದಳು. ಮುಖ ಬಿಳಿಚಿಕೊಂಡಿತ್ತು.

“ಪದ್ಮೀ, ನಿಜವಾಗ್ಲೂ ಆಗ್ಬಿಟ್ಟಿದೀನಿ ಕಣೇ.”

“ಈಗಾ? ಏನ್ಮಾಡ್ತೀಯ?”

“ಮೊನ್ನೆ ತಾನೆ ಅಷ್ಟು ದಿನ ಆಚೆ ಕೂತಿದ್ದೆ. ಈಗ ಮತ್ತೆ ಅಂದ್ರೆ ನಿಮ್ಮಜ್ಜಿ ಲೆಕ್ಕ ಹಾಕ್ತಾಳೆ. ಔಷಧಿ ವಿಷಯ ಆಚೆ ಬಂದ್ರೆ ನಿಮ್ಮಪ್ಪ ಇವತ್ತೇ ಕೆಂಚನ್ನ ಲಾರಿಗೆ ಹಾಕ್ತಾನೆ. ಬಾಯಿ ಬಿಟ್ಟೀಯ, ಹುಷಾರ್.”

ಅವಳು ಸೆರಗು ಸಿಕ್ಕಿಸಿಕೊಂಡು ಹುಳು ಮನೆಯೊಳಗೆ ಹೋದಳು. ಅಜ್ಜಿಗೆ ಎಷ್ಟೇ ಹೇಸಿದರೂ ಅಜ್ಜಿಯ ನಂಬಿಕೆ ನನ್ನೊಳಗೂ ಇಳಿದಿತ್ತು, ಅದು ನನಗೆ ಆವತ್ತು ಗೊತ್ತಾಯಿತು. ಹುಳು ಕೊಳೆಯುತ್ತದೆ, ಅಪ್ಪ ನಾಯಿಯದೇ ಕಾರಣವೆಂದು ಹಿಡಿದುಕೊಳ್ಳುತ್ತಾನೆ, ಉಳಿಸಿಕೊಂಡ ಕೆಂಚ ಲಾರಿ ಹತ್ತುತ್ತದೆ ಎಂದು ಬೆವರಿದೆ. ಅಮ್ಮನ ಬೆರಳು ಹಳದಿ ತಿರುಗಿದ ಹುಳುಗಳನ್ನು ಸರಸರನೆ ಆರಿಸುತ್ತಿತ್ತು. ಅಪ್ಪ ಆರಿಸಿದ್ದಕ್ಕಿಂತ, ಅಜ್ಜಿ ಆರಿಸಿದ್ದಕ್ಕಿಂತ ಹೆಚ್ಚು ಹುಳುಗಳು ಅವಳ ಕೈಯಿಂದಲೇ ಚಂದ್ರಿಕೆಗೆ ಹೋದವು. ಮಧ್ಯೆ ಮಧ್ಯೆ ಹಿತ್ತಲಿಗೆ ಹೋಗಿ ಬಂದು ಮತ್ತೆ ಕೂರುತ್ತಿದ್ದಳು, ಹೊಟ್ಟೆನೋವಿಗೆ ಹಲ್ಲು ಕಚ್ಚಿಕೊಂಡು. ನಾನು ದಿನವೂ ಚಂದ್ರಿಕೆಗಳನ್ನು ಒಂದೊಂದಾಗಿ ಮೂಸುತ್ತ ಹೋದೆ. ಕೊಳೆತ ವಾಸನೆ ಎಲ್ಲಿಂದ ಬರುತ್ತದೋ ಎಂದು ಕಾದೆ.

ಬರಲಿಲ್ಲ. ಗೂಡು ಬಿಡಿಸಿದ ದಿನ ಅಪ್ಪ ಒಂದೊಂದು ಗೂಡನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದ, ಗಟ್ಟಿಯಾಗಿ, ಒಂದೇ ಸಮ ಬಂದಿದ್ದವು. ಅಂಥ ಬೆಳೆ ನಮ್ಮ ಮನೆಯಲ್ಲಿ ಹಿಂದೆ ಬಂದಿರಲಿಲ್ಲ. ಮಾರುಕಟ್ಟೆಯಿಂದ ಮರಳುವಾಗ ಕೋಳಿ ತಂದ. ಅಂದು ಬಹಳ ದಿನಗಳ ಮೇಲೆ ಒಣಮೆಣಸಿನಕಾಯಿ ಹುರಿದ ಘಾಟು ಮನೆಯೆಲ್ಲ ತುಂಬಿತು, ಎಲ್ಲರೂ ಕೆಮ್ಮಿ ನಕ್ಕರು. ಕೆಂಚನನ್ನು ಬಿಚ್ಚಿಕೊಂಡು ಬಂದೆ. ಮೈಮೇಲೆ ಒಂದು ಉಣ್ಣೆಯೂ ಇರಲಿಲ್ಲ, ಒಸಡು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದು ಬಾಗಿಲಲ್ಲಿ ಕೂತು ಒಳಗೆ ನೋಡಿತು.

“ನೋಡ್ದಾ,” ಎಂದ ಅಪ್ಪ, ಅದರತ್ತ ಕೈ ತೋರಿಸಿ. “ಔಷಧಿ ಔಷಧಿ ಅಂತ ಬಡ್ಕೊಂಡೆ. ತಾನಾಗೇ ಸರಿ ಹೋಗ್ಲಿಲ್ವಾ?”

“ನಾಲಿಗೇಲಿ ನೆಕ್ಕೊಂಡು ಸರಿ ಮಾಡ್ಕೊಂಡೈತೆ,” ಎಂದಳು ಅಜ್ಜಿ.

ಅಪ್ಪ ಬೆರಳು ನೆಕ್ಕಿಕೊಂಡ. ಮೂಳೆಯೊಂದನ್ನು ಹೀರಿ ಬದಿಗಿಟ್ಟು, ಹುಳು ಮನೆಯ ಖಾಲಿ ತಟ್ಟೆಗಳ ಕಡೆ ತೃಪ್ತಿಯಿಂದ ನೋಡಿದ.

“ಹುಳು ಹಣ್ಣಾಗೋ ಹೊತ್ತಲ್ಲಿ ಮನೇಲಿ ಒಂಚೂರೂ ಮೈಲಿಗೆ ಇರ್ಲಿಲ್ಲ ನೋಡು. ಅದಕ್ಕೇ ಗೂಡು ಹಿಂಗೆ ಬಂದಿರೋದು. ಹುಳು ಅಂದ್ರೆ ಲಕ್ಷ್ಮಿ. ಅವಳಿಗೆ ಎಲ್ಲಾ ಗೊತ್ತಾಗ್ತದೆ.”

ನಾನು ಅಮ್ಮನನ್ನು ನೋಡಿದೆ. ಅವಳು ಸೌಟು ಹಿಡಿದು ಬಗ್ಗಿದ್ದವಳು ಮುಖ ಎತ್ತಲೇ ಇಲ್ಲ.

“ಹೌದು, ಅವಳಿಗೆ ಎಲ್ಲಾ ಗೊತ್ತಾಗ್ತದೆ,” ಎಂದಳು. “ಇನ್ನೊಂದು ಮುದ್ದೆ ಹಾಕ್ಲಾ?”

“ಹಾಕು,” ಎಂದ ಅಪ್ಪ.